ಅಫಜಲಪುರದ ಡಬ್ಬಿ ಹೇಳಿದ ಸೊನ್ನೆ

ಆಕೆ ನಮ್ಮ ಆಳಂದದ ಆಫೀಸಿಗೆ ಬಂದಾಗ ಊಟದ ಹೊತ್ತಾಗಿತ್ತು. ಕೇಬಲ್ ಟಿ.ವಿ. ಕಾಲದ ಆಫೀಸು ಅದು. ಈಗ ಅಲ್ಲಿಂದಲೇ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರುಗಳಿಗೆ ಇಂಟರ್‌ನೆಟ್ ಕೊಡುತ್ತಿದ್ದೆವು. ಮಾಲೀಕರನ್ನು ಊರೆಲ್ಲ ಸಾವ್ಕಾರ್ರು ಅನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಕಲಬುರಗಿಯಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿದ ಮೇಲೆ ನಾನು ಅವರ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಬುರ್ಖಾ ಹಾಕಿಕೊಂಡ ಹುಡುಗಿ ಟವರ್ ಹತ್ತುತ್ತಾಳೆ ಅಂತ ಮೊದಮೊದಲು ಮಂದಿ ನಿಂತು ನೋಡುತ್ತಿದ್ದರು. ಆಮೇಲೆ ಅವರಿಗೇ ಬೇಸರವಾಯಿತು.

ಬಂದಾಕೆ ಜೇವರ್ಗಿಯವಳು. ಅಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಳು. ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ಬಂದವಳೇ ನನ್ನ ಎದುರಿನ ಕುರ್ಚಿ ಎಳೆದು ಕೂತು, ಫೋನಿನಲ್ಲಿ ಟೈಪ್ ಮಾಡಿ ನನ್ನ ಮುಂದೆ ಹಿಡಿದಳು.

"ನಿಮ್ಮ ನೆಟ್ ಸುಳ್ಳು ಹೇಳ್ತದ."

ನಾನು ಅದೇ ಫೋನಿನಲ್ಲಿ, "ಏನಾತ್ರಿ?" ಎಂದು ಬರೆದು ವಾಪಸು ಕೊಟ್ಟೆ.

ಆಕೆ ಬರೆದು ಬರೆದು ತೋರಿಸಿದ ಕತೆ ಇದು. ಆಕೆಯ ತಂಗಿಗೂ ಕಿವಿ ಕೇಳದು. ಖಜೂರಿಗೆ ಮದುವೆಯಾಗಿ ಹೋಗಿದ್ದಾಳೆ. ಅಕ್ಕ ಶಾಲೆಗೆ ಹೋದವಳು, ತಂಗಿ ಹೋಗಲಿಲ್ಲ. ತಂಗಿಗೆ ಓದು ಬರಹ ಗೊತ್ತಿಲ್ಲದ್ದರಿಂದ ಇಬ್ಬರೂ ದಿನಾ ವಿಡಿಯೋ ಕಾಲ್ ಹಚ್ಚಿ ಕೈಯಲ್ಲೇ ಮಾತಾಡುತ್ತಾರೆ. ತಂಗಿಗೆ ಹೊಟ್ಟೆನೋವು ಬಂದು ಸೊಲ್ಲಾಪುರಕ್ಕೆ ಹೋಗಿ ತೋರಿಸಿಕೊಂಡು ಬಂದಿದ್ದಳು. ಆ ಸಂಜೆ ಕಾಲ್ ಹಚ್ಚಿ ಕೈಯಲ್ಲಿ ಹೇಳಿದಳು: ಡಾಕ್ಟರು, ಹೊಟ್ಟೆ, ಕೊಯ್ಯೋದು. ಅಷ್ಟಾದ ಮೇಲೆ ಪರದೆಯ ಮೇಲೆ ಕೈ ನಿಂತೇಬಿಟ್ಟಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಅಕ್ಕ ಅಂಗಡಿ ಮುಚ್ಚಿದಳು. ಬೆಳಗಿನ ಬಸ್ಸಿಗೆ ಹೊರಟು, ಕಲಬುರಗಿಯಲ್ಲಿ ಇಳಿದು ಹತ್ತಿ, ಆಳಂದದಲ್ಲಿ ಇಳಿದು ಹತ್ತಿ, ದಾರಿ ತುಂಬ ಅತ್ತುಕೊಂಡು ಖಜೂರಿ ಮುಟ್ಟಿದಳು. ತಂಗಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು! ಅಕ್ಕನ ಮುಖ ನೋಡಿ ಗಾಬರಿಯಾಗಿ, ಹಿಟ್ಟಿನ ಕೈಯಲ್ಲೇ ಹಿಂದಿನ ದಿನದ ಮಾತನ್ನು ಮತ್ತೆ ಹೇಳಿದಳು. ಡಾಕ್ಟರು, ಹೊಟ್ಟೆ, ಕೊಯ್ಯೋದು, ಬೇಡ.

ಕೈಮಾತಿನಲ್ಲಿ ಬೇಡ, ಇಲ್ಲ ಅನ್ನುವುದು ಕೊನೆಗೆ ಬರುತ್ತದೆ. ಕನ್ನಡದಲ್ಲೂ ಹಾಗೇ ಅಲ್ಲವೇ? ಕೊನೆಯದೊಂದು ಕಳೆದುಹೋದರೆ ಮಾತು ಪೂರ್ತಿ ತಿರುಗಿಬೀಳುತ್ತದೆ. ಖಜೂರಿಯಿಂದ ವಾಪಸಾಗುವಾಗ ಆಕೆ ಆಳಂದದಲ್ಲಿ ಇಳಿದು, ನೇರವಾಗಿ ಜಗಳಕ್ಕೆ ಬಂದಿದ್ದಳು.

ಸಾವ್ಕಾರ್ರು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಕೆಟ್ಟ ಮನುಷ್ಯ ಅಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರು ಮುಟ್ಟದವರು, ಯಾರ ಜೊತೆಗೂ ಒರಟಾಗಿ ಮಾತಾಡದವರು. ಆದರೆ ದೂರು ಬಂದರೆ ಅವರ ಉತ್ತರ ಒಂದೇ ಇತ್ತು. ನನ್ನ ಕಂಪ್ಯೂಟರಿನ ಪರದೆಯನ್ನು ಆಕೆಯ ಕಡೆ ತಿರುಗಿಸಿದರು. ಅಲ್ಲಿ ಮೂರೂ ಊರಿನ ಡಬ್ಬಿಗಳ ಲೆಕ್ಕ ಕಾಣುತ್ತದೆ. ಡಬ್ಬಿ ಅಂದರೆ ನೆಟ್‌ವರ್ಕಿನ ದಾರಿ ಹಂಚುವ ಸಣ್ಣ ಯಂತ್ರ. ಒಳಗೆ ಬಂದ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಎಷ್ಟು, ಹೊರಗೆ ಹೋದದ್ದು ಎಷ್ಟು, ದಾರಿಯಲ್ಲಿ ಬಿದ್ದುಹೋದದ್ದು ಎಷ್ಟು ಅಂತ ಅದು ತೋರಿಸುತ್ತದೆ. ಬಿದ್ದುಹೋದದ್ದರ ಸಾಲಿನಲ್ಲಿ ಮೂರೂ ಕಡೆ ಸೊನ್ನೆ ಇತ್ತು.

"ನೋಡವ್ವಾ, ಸೊನ್ನಿ ಅದ. ನಮ್ಮ ಕಡಿ ಏನೂ ಬಿದ್ದಿಲ್ಲ. ನಿನ್ನ ಫೋನೇ ಹಳೀದು," ಅಂದರು, ಆಕೆಗೆ ಕೇಳುವುದಿಲ್ಲ ಅನ್ನುವುದನ್ನು ಮರೆತು.

ಆಕೆ ಅವರ ತುಟಿ ನೋಡಿದಳು, ಸೊನ್ನೆ ನೋಡಿದಳು. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಹಿಂದಿನ ಕಾಲ್‌ಗಳನ್ನು ಒಂದಾದ ಮೇಲೊಂದು ತೆರೆದು ತೋರಿಸಿದಳು. ಎಲ್ಲದರಲ್ಲೂ ತಂಗಿಯ ಕೈ ಒಂದಲ್ಲ ಒಂದು ಕಡೆ ಕಲ್ಲಿನಂತೆ ನಿಂತಿತ್ತು. ಆಮೇಲೆ ಟೈಪ್ ಮಾಡಿದಳು: "ಇದು ಸೊನ್ನಿನಾ?"

ಸಾವ್ಕಾರ್ರು ನನ್ನ ಕಡೆ ನೋಡಿದರು. ನಾನು, "ನೋಡ್ತೇನಿ ತಡೀರಿ," ಅಂತ ಆಕೆಯ ಫೋನಿನಲ್ಲಿ ಬರೆದೆ. ಆಕೆ ಟೈಪ್ ಮಾಡಿದ್ದು: "ನೋಡಿ ಹೇಳೂ ತನಕ ನಾ ಬಿಡಂಗಿಲ್ಲ." ಬಸ್ಸಿನ ಹೊತ್ತಾಗುವವರೆಗೂ ಆ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ನಂಬರು ತೆಗೆದುಕೊಂಡೇ ಹೋದಳು.

ಜೇವರ್ಗಿಗೆ ಹೋಗುವುದು ಆಳಂದದಿಂದ ಗಾಳಿಯಲ್ಲಿ ಅಫಜಲಪುರದ ಮಾಳಿಗೆಯ ಮೇಲಿನ ರೇಡಿಯೋಕ್ಕೆ ಬರುತ್ತದೆ, ಅಲ್ಲಿಂದ ವೈರಿನಲ್ಲಿ ಇಳಿದು ಕೆಳಗಿನ ಡಬ್ಬಿಗೆ, ಡಬ್ಬಿಯಿಂದ ಜೇವರ್ಗಿಗೆ. ಅಫಜಲಪುರವೇ ಕೂಡುದಾರಿ. ಮರುದಿನ ಸಂಜೆ, ಮಂದಿ ಮನೆಗೆ ಬಂದು ಎಲ್ಲರೂ ಫೋನು ಹಿಡಿಯುವ ಹೊತ್ತಿಗೆ, ನಾನು ರೇಡಿಯೋ ಕೊಟ್ಟೆ ಅಂದದ್ದನ್ನೂ ಡಬ್ಬಿ ತಗೊಂಡೆ ಅಂದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೊಂದಲಿಲ್ಲ. ಕೊಟ್ಟದ್ದು ಹೆಚ್ಚು, ತಗೊಂಡದ್ದು ಕಡಿಮೆ. ನಡುವೆ ಇದ್ದದ್ದು ಬರೀ ಒಂದು ವೈರು. ಅದನ್ನು ಬದಲಿಸಿ ನೋಡಿದೆ, ಅಂತರ ಹಾಗೇ ಉಳಿಯಿತು. ಬಿದ್ದದ್ದರ ಸಾಲು ಮಾತ್ರ ಸೊನ್ನೆ ತೋರಿಸುತ್ತಲೇ ಇತ್ತು.

ಡಬ್ಬಿ ಮಾರಿದ ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆಯಿಂದ ಒಬ್ಬ ನಯವಾಗಿ ಮಾತಾಡಿದ.

"ಮೇಡಂ, ಡ್ರಾಪ್ ಸೊನ್ನೆ ಇದೆ ಅಲ್ವಾ? ಹಾಗಾದ್ರೆ ಡಬ್ಬಿ ಸರಿಯಾಗಿದೆ ಅಂತ ಅರ್ಥ."

"ಸೊನ್ನೆನೇ ತಪ್ಪದ ಅಂತ ಹೇಳಾಕತ್ತೇನಿ ಸರ್."

"ನಿಮ್ಮ ಕಡೆ ಧೂಳು, ಬಿಸಿಲು ಜಾಸ್ತಿ. ಕರೆಂಟು ಕೂಡ ಸರಿ ಇರಲ್ಲ. ಅಲ್ಲೇ ಏನೋ ಪ್ರಾಬ್ಲಂ ಇರುತ್ತೆ ಮೇಡಂ."

ನಮ್ಮ ಬಿಸಿಲಿಗೆ ಅಂಕಿಗಳನ್ನು ತಿದ್ದುವ ಶಕ್ತಿ ಇದೆ ಅಂತ ನನಗೆ ಅಂದೇ ಗೊತ್ತಾದದ್ದು. ಫೋನ್ ಇಟ್ಟೆ. ತಪ್ಪು ಅವನ ಡಬ್ಬಿಯದೋ ನಮ್ಮದೋ ಅಂತ ನೋಡುವ ಮೊದಲೇ ಅವನು ನಮ್ಮ ಊರನ್ನು ನೋಡಿಬಿಟ್ಟಿದ್ದ.

ಒಂದು ಪುಣ್ಯವಿತ್ತು. ಡಬ್ಬಿಯ ಒಳಗಿನ ಕರ್ನಲ್, ಅಂದರೆ ಯಂತ್ರವನ್ನೆಲ್ಲ ನಡೆಸುವ ಬುಡದ ಸಾಫ್ಟ್‌ವೇರು, ಜಗತ್ತಿನ ಯಾರು ಬೇಕಾದರೂ ಓದಬಹುದಾದಂಥದು. ಅದರಲ್ಲಿ ನಮ್ಮ ಡಬ್ಬಿಯ ನೆಟ್‌ವರ್ಕ್ ಕಾರ್ಡಿನ ಡ್ರೈವರೂ, ಅಂದರೆ ಪ್ಯಾಕೆಟ್ ತಗೊಳ್ಳುವ ಆ ಬಿಡಿಭಾಗವನ್ನು ನಡೆಸುವ ಕೋಡೂ, ಇತ್ತು. ರವಿವಾರ ಮನೆಯಲ್ಲಿ ಕೂತು ಓದಲು ಶುರು ಮಾಡಿದೆ. ಅಮ್ಮಿ ಪಕ್ಕದಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹಳ್ಳು ಆರಿಸುತ್ತಿದ್ದಳು. ತಪ್ಪು ಆವತ್ತೇ ಸಿಗಲಿಲ್ಲ. ಆ ಕೋಡ್ ಬರೆದವರು ಎಲ್ಲಿಯವರೋ, ಏನು ನೆನೆಸಿ ಬರೆದರೋ. ಒಂದೊಂದು ಸಾಲಿಗೆ ಒಂದೊಂದು ತಾಸು ಹಿಡಿಯುತ್ತಿತ್ತು. ಮುಂದಿನ ರವಿವಾರವೂ ಅದೇ ಜಾಗದಲ್ಲಿ ಕೂತೆ.

ಪ್ಯಾಕೆಟ್ ಬಂದಾಗ ಕಾರ್ಡು ಪ್ರೊಸೆಸರನ್ನು ತಡೆದು ಕರೆಯುತ್ತದೆ. ಅದಕ್ಕೇ ಇಂಟರಪ್ಟ್ ಅನ್ನುವುದು. ಕೈಯಲ್ಲಿದ್ದ ಕೆಲಸ ಬಿಟ್ಟು ಪ್ರೊಸೆಸರ್ ಹೋಗಿ ನೋಡಬೇಕು. ಪ್ರತಿ ಪ್ಯಾಕೆಟ್ಟಿಗೂ ಹೀಗೆ ಕರೆದರೆ ಪ್ರೊಸೆಸರಿಗೆ ಬೇರೆ ಕೆಲಸವೇ ಸಾಗದು. ಹಾಗಾಗಿ ಮೊದಲ ಕರೆಗೇ ಡ್ರೈವರು ಕಾರ್ಡಿಗೆ ಸುಮ್ಮನಿರಲು ಹೇಳಿ, ಆಮೇಲೆ ತಾನೇ ಬಂದು ಒಂದಿಷ್ಟನ್ನು ಒಟ್ಟಿಗೆ ಎತ್ತಿಕೊಂಡು ಹೋಗುತ್ತದೆ. ಇದು ಸರಿಯಾದ ರೀತಿಯೇ. ಆದರೆ ಪ್ರೊಸೆಸರ್ ಬರುವುದು ತಡವಾದರೆ ಪ್ಯಾಕೆಟ್ ಇಡಲು ಕೊಟ್ಟ ಜಾಗ ತುಂಬುತ್ತದೆ. ತುಂಬಿದ ಮೇಲೆ ಬಂದದ್ದನ್ನು ಕಾರ್ಡು ಎಸೆಯುತ್ತದೆ. ಎಸೆದದ್ದನ್ನು ತನ್ನೊಳಗೆ ಎಣಿಸಿ ಇಟ್ಟುಕೊಂಡು, ಬೇರೆಯದೇ ಒಂದು ಇಂಟರಪ್ಟ್ ಕೊಟ್ಟು ಹೇಳುತ್ತದೆ, ನಾನು ಎಸೆದೆ ಅಂತ.

ಆ ಇಂಟರಪ್ಟ್ ಬಂದಾಗ ಡ್ರೈವರು ಏನು ಮಾಡುತ್ತದೆ ಅಂತ ಹುಡುಕುತ್ತ ಹೋದೆ. ಸಿಕ್ಕಿತು. ಆಯಿತು, ಕೇಳಿಸಿತು ಅಂತ ಕಾರ್ಡಿಗೆ ಹೇಳಿ, ಗುರುತು ಅಳಿಸಿ, ವಾಪಸು ಹೋಗುತ್ತಿತ್ತು, ಅಷ್ಟೇ. ಕಾರ್ಡು ಎಣಿಸಿಟ್ಟದ್ದನ್ನು ಓದುತ್ತಿರಲಿಲ್ಲ. ಎಲ್ಲೂ ಬರೆಯುತ್ತಿರಲಿಲ್ಲ. ಹಾಗಾದ ಮೇಲೆ ಬಿದ್ದದ್ದರ ಸಾಲು ಸೊನ್ನೆ ಬಿಟ್ಟು ಬೇರೆ ಏನು ಹೇಳೀತು?

ನಾನು ಜೋರಾಗಿ ಏನೋ ಅಂದಿರಬೇಕು. ಅಮ್ಮಿ ಮೊರದಿಂದ ತಲೆ ಎತ್ತಿ ಏನಾಯಿತು ಅಂತ ಕೇಳಿದಳು. ಕಾರ್ಡು ಎಸೆದೆ ಎಸೆದೆ ಅಂತ ಕರೆದು ಹೇಳಿದರೂ ಆ ಡ್ರೈವರು ಕೇಳಿಸಿಕೊಂಡು ಎಲ್ಲೂ ಬರೆದಿಡದೆ ಹೋಗುತ್ತದೆ ಅಂತ ವಿವರಿಸಿದೆ.

"ಸುನ್‌ಕೋ ಭೀ ಚುಪ್ ಬೈಠ್ಯಾ ಕ್ಯಾ ಉನೆ?" ಅಂದಳು. ಕೇಳಿಸಿಕೊಂಡೂ ಸುಮ್ಮನೆ ಕೂತನಾ ಅವನು ಅಂತ. ಡ್ರೈವರು ಅಂದದ್ದನ್ನು ಅವಳು ಯಾವನೋ ಗಂಡಸು ಅಂದುಕೊಂಡಿದ್ದಳು. ನಾನು ತಿದ್ದಲಿಲ್ಲ. ಹೌದು ಅಂದೆ.

ತಿದ್ದುಪಡಿ ಸಣ್ಣದು. ಆ ಇಂಟರಪ್ಟ್ ಬಂದಾಗ ಕಾರ್ಡಿನ ಎಣಿಕೆಯನ್ನು ಓದಿ ಬಿದ್ದದ್ದರ ಸಾಲಿಗೆ ಕೂಡಿಸಬೇಕು. ಬರೆದು, ಆಫೀಸಿನಲ್ಲಿ ಇದ್ದ ಹೆಚ್ಚುವರಿ ಡಬ್ಬಿಯ ಮೇಲೆ ಹಾಕಿ ನೋಡಿ, ಸೋಮವಾರ ಸಾವ್ಕಾರ್ರಿಗೆ ಹೇಳಿದೆ. ಅಫಜಲಪುರದ ಡಬ್ಬಿಗೂ ಹಾಕುತ್ತೇನೆ ಅಂದೆ.

ಅವರು ಪರದೆಯ ಮೇಲಿನ ಸೊನ್ನೆಯನ್ನು ನೋಡಿದರು. ಆಮೇಲೆ ಕೇಳಿದರು: "ಹಾಕಿದ್ರ ಬೀಳೋದು ನಿಲ್ತದೇನು ತಂಗಿ?"

"ಇಲ್ರಿ. ಎಷ್ಟು ಬೀಳ್ತಾವ ಅಂತ ಕಾಣ್ತದ. ಕಂಡ ಮ್ಯಾಲ ನಿಲ್ಲಸೋದು ಹ್ಯಾಂಗ ಅಂತ ನೋಡಬಹುದು."

"ಮತ್ತ ಯಾಕ ಬೇಕು? ಸೊನ್ನಿ ಇದ್ರ ಮಂದಿ ಸುಮ್ಮಿರ್ತಾರ. ಅಂಕಿ ಕಂಡ್ರ ಕೇಳ್ತಾರ."

"ಕೇಳ್ಲಿ ಅಲ್ರಿ."

"ಬ್ಯಾಡ ಅಂದ್ರ ಬ್ಯಾಡ."

ಅವರು ಬ್ಯಾಡ ಅಂದದ್ದು ನನಗೆ ಚೆನ್ನಾಗಿ ಕೇಳಿಸಿತು. ಮರುದಿನ ಬೆಳಿಗ್ಗೆ ಅಫಜಲಪುರದ ಬಸ್ಸು ಹತ್ತಿದೆ. ರೇಡಿಯೋದ ಬೋಲ್ಟು ಸಡಿಲಾಗಿದೆ ಅನ್ನುವ ನೆಪವೂ ನನಗೆ ಬೇಕಾಗಲಿಲ್ಲ. ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು, ನೋಡಿಕೊಳ್ಳಲು ಹೋಗುತ್ತಿದ್ದೆ. ಮಾಳಿಗೆಯ ಕೆಳಗಿನ ಆ ಸಣ್ಣ ಕೋಣೆಯಲ್ಲಿ, ಫ್ಯಾನು ಇಲ್ಲದೆ, ಹೊಸ ಡ್ರೈವರು ಹಾಕಿ ಡಬ್ಬಿಯನ್ನು ಮತ್ತೆ ಚಾಲೂ ಮಾಡಿದೆ. ಮಧ್ಯಾಹ್ನವೆಲ್ಲ ಸೊನ್ನೆಯೇ ಇತ್ತು. ನನಗೇ ಅನುಮಾನ ಬಂತು. ಸಂಜೆಗೆ ಶಾಲೆ, ಅಂಗಡಿ ಬಿಟ್ಟು ಮಂದಿ ಮನೆ ಸೇರಿದ ಮೇಲೆ ಆ ಸಾಲಿನಲ್ಲಿ ಅಂಕಿ ಎದ್ದಿತು. ನೋಡನೋಡುತ್ತಿದ್ದ ಹಾಗೆ ಏರುತ್ತ ಹೋಯಿತು. ತಪ್ಪು ಹೆಚ್ಚಾಗುತ್ತಿದ್ದುದನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೇ ಮೊದಲು.

ಪರದೆಯ ಫೋಟೋ ತೆಗೆದು ಜೇವರ್ಗಿಯಾಕೆಗೆ ಕಳಿಸಿದೆ. "ನೀವು ಹೇಳಿದ್ದು ಖರೆ ಅದ ರಿ. ಬೀಳಾಕತ್ತಾವ."

ಉತ್ತರ ಕೂಡಲೇ ಬಂತು. "ನನಗ ಮೊದಲೇ ಗೊತ್ತಿತ್ತು. ನಿಮಗ ಈಗ ಗೊತ್ತಾತು. ರಿಪೇರಿ ಯಾವಾಗ?"

ರಿಪೇರಿಗೂ ದಾರಿ ಕಂಡಿತ್ತು. ಪ್ಯಾಕೆಟ್ ಇಡುವ ಜಾಗವನ್ನು ಡ್ರೈವರಿನಲ್ಲಿ ತೀರ ಚಿಕ್ಕದಾಗಿ ಇಟ್ಟಿದ್ದರು, ಅದನ್ನು ದೊಡ್ಡದು ಮಾಡಿದೆ. ಡಬ್ಬಿಯಲ್ಲಿ ಪ್ರೊಸೆಸರು ಎರಡಿದ್ದರೂ ಆಳಂದ, ಜೇವರ್ಗಿ ಎರಡೂ ಕಡೆಯ ಇಂಟರಪ್ಟುಗಳು ಒಂದರ ತಲೆಯ ಮೇಲೇ ಬೀಳುತ್ತಿದ್ದವು, ಪಕ್ಕದ್ದು ಖಾಲಿ ಕೂತಿತ್ತು. ಒಂದನ್ನು ಅದಕ್ಕೆ ವಹಿಸಿದೆ. ಒಂದೆರಡು ಸಂಜೆ ಅಲ್ಲೇ ಕೂತು ನೋಡಿದೆ. ಅಂಕಿ ಏರುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಬಹಳ ನಿಧಾನವಾಯಿತು. ಅಕ್ಕತಂಗಿಯರ ಕಾಲ್ ನಿಲ್ಲದೆ ನಡೆಯಿತು.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಇದೇ ಡ್ರೈವರು, ಇದೇ ಸೊನ್ನೆ ಇನ್ನೂ ಎಷ್ಟೋ ಊರುಗಳಲ್ಲಿ ಮಂದಿಗೆ ನಿನ್ನ ಫೋನೇ ಹಳೇದು ಅನ್ನುತ್ತಿರಬೇಕಲ್ಲ. ಕರ್ನಲ್ ನೋಡಿಕೊಳ್ಳುವ ಮಂದಿ ಜಗತ್ತಿನ ತುಂಬ ಇದ್ದಾರೆ, ಎಲ್ಲ ಚರ್ಚೆ ಎಲ್ಲರಿಗೂ ಕಾಣುವ ಇ-ಮೇಲಿನಲ್ಲೇ ನಡೆಯುತ್ತದೆ. ನನ್ನ ಪ್ಯಾಚನ್ನು, ಅಂದರೆ ಆ ತಿದ್ದುಪಡಿಯನ್ನು, ಅಲ್ಲಿಗೆ ಕಳಿಸಿದೆ.

ಮೊದಲ ಉತ್ತರ ಬಹಳ ಚಿಕ್ಕದು. ಇದು ಹಳೆಯ ಕಾರ್ಡು, ಇಷ್ಟು ವರ್ಷ ಯಾರೂ ದೂರು ಕೊಟ್ಟಿಲ್ಲ, ಬದಲಾವಣೆ ಯಾಕೆ ಬೇಕು ಅಂತ.

ನಾನು ಬರೆದೆ: ದೂರು ಕೊಡಬೇಕಾದವರಿಗೆಲ್ಲ ನಿಮ್ಮ ಡ್ರೈವರು ಸೊನ್ನೆ ತೋರಿಸಿ ಬಾಯಿ ಮುಚ್ಚಿಸಿದೆ. ದೂರು ಬಂದಿಲ್ಲ ಅನ್ನುವುದೇ ಈ ತಪ್ಪಿನ ಫಲ. ಅಫಜಲಪುರದಲ್ಲಿ ಕಂಡದ್ದು ಇಲ್ಲಿದೆ, ನೋಡಿ. ಇದು ನಿಮ್ಮಲ್ಲಿ ಆಗುವುದಿಲ್ಲ ಅಂತ ನೀವು ತೋರಿಸಿದರೆ ನಾನು ಪ್ಯಾಚು ವಾಪಸು ತಗೊಳ್ಳುತ್ತೇನೆ.

ತೋರಿಸಲಿಲ್ಲ. ಆದರೆ ಇನ್ನೊಬ್ಬರು, ಈ ಕೆಲಸದಲ್ಲಿ ಬಹಳ ವರ್ಷದಿಂದ ಇರುವವರು, ನನ್ನ ಕೋಡಿನಲ್ಲೇ ಒಂದು ತಪ್ಪು ಹಿಡಿದರು. ನಮ್ಮ ಡಬ್ಬಿಯ ಪ್ರೊಸೆಸರು ಸಣ್ಣದು, ದೊಡ್ಡ ಅಂಕಿಯನ್ನು ಒಂದೇ ಸಲಕ್ಕೆ ಓದಲಾರದು, ಅರ್ಧ ಓದಿ ಆಮೇಲೆ ಉಳಿದರ್ಧ ಓದುತ್ತದೆ. ಆ ನಡುವೆ ಇಂಟರಪ್ಟ್ ಬಂದು ಅಂಕಿ ಬದಲಾದರೆ ಹಳೆಯ ಅರ್ಧ, ಹೊಸ ಅರ್ಧ ಸೇರಿ ಯಾವುದೂ ಅಲ್ಲದ ಒಂದು ಅಂಕಿ ಕಾಣುತ್ತದೆ. ಸುಳ್ಳು ಸೊನ್ನೆಯ ಜಾಗಕ್ಕೆ ನೀವು ಸುಳ್ಳು ಅಂಕಿ ತರುತ್ತಿದ್ದೀರಿ ಅಂತ ಬರೆದಿದ್ದರು.

ಓದಿ ಸಿಟ್ಟು ಬಂತು. ಉತ್ತರ ಬರೆದು ಅಳಿಸಿದೆ, ಬರೆದು ಅಳಿಸಿದೆ. ಆಮೇಲೆ ಕೂತು ಯೋಚಿಸಿದರೆ ಅವರು ಹೇಳಿದ್ದು ಪೂರ್ತಿ ಸರಿ ಇತ್ತು. ಓದುವಾಗ ನಡುವೆ ಬದಲಾಗಿದ್ದರೆ ಮತ್ತೆ ಮೊದಲಿನಿಂದ ಓದುವ ಹಾಗೆ ತಿದ್ದಿ ಕಳಿಸಿದೆ. ಇನ್ನೇನೋ ತಪ್ಪು ತೆಗೆದರು, ಮತ್ತೆ ತಿದ್ದಿದೆ. ಕೋಡಿನ ಮಾತಿಗೆ ನಾನು ಎಷ್ಟು ಸಲ ಬೇಕಾದರೂ ಬಗ್ಗಲು ತಯಾರಿದ್ದೆ.

ಬಗ್ಗದ್ದು ಒಂದೇ ಮಾತಿಗೆ. ಪ್ಯಾಚಿನ ಜೊತೆಗೆ ಇದು ಯಾಕೆ ಬೇಕು ಅಂತ ನಾಲ್ಕು ಸಾಲು ಬರೆಯಬೇಕು. ನಾನು ಬರೆದಿದ್ದೆ: ಅಫಜಲಪುರದ ಡಬ್ಬಿಯಲ್ಲಿ ಸಂಜೆಯ ಹೊತ್ತು ಪ್ಯಾಕೆಟ್ ಬೀಳುತ್ತಿದ್ದರೂ ಎಣಿಕೆ ಸೊನ್ನೆ ಇತ್ತು, ಜೇವರ್ಗಿಯ ಕಿವಿ ಕೇಳದ ಬಳಕೆದಾರರೊಬ್ಬರು ಕೈಮಾತಿನ ವಿಡಿಯೋ ನಿಲ್ಲುತ್ತದೆ ಅಂತ ದೂರಿದ್ದರಿಂದ ಇದು ಕಂಡಿತು. ಮೊದಲು ಬೇಡ ಅಂದವರೇ ಈಗ, ಊರ ಹೆಸರು, ಈ ಕತೆ ಅಗತ್ಯವಿಲ್ಲ, ತೆಗೆಯಿರಿ ಅಂದರು.

ನಾನು ತೆಗೆಯುವುದಿಲ್ಲ ಅಂತ ಬರೆದೆ. ಅಂಕಿ ಬಂದದ್ದು ಅಲ್ಲಿಂದ. ದೂರು ಬಂದದ್ದು ಆಕೆಯಿಂದ. ನಿಮ್ಮ ಊರಿನ ಪ್ರಯೋಗಶಾಲೆಗಳ ಹೆಸರುಗಳು ಇಂಥ ಸಾಲುಗಳಲ್ಲಿ ಬೇಕಾದಷ್ಟು ಇವೆ, ಯಾರೂ ತೆಗೆಯಿರಿ ಅಂದದ್ದನ್ನು ನಾನು ಕಾಣೆ.

ಕೆಲವು ದಿನ ಕಳೆದವು. ಆಮೇಲೆ, ನನ್ನ ತಪ್ಪು ಹಿಡಿದಿದ್ದರಲ್ಲ, ಅವರೇ ಬರೆದರು: ಇರಲಿ, ಇದು ಉಪಯೋಗದ ಮಾಹಿತಿ. ಪ್ಯಾಚು ಸೇರಿತು, ಸಾಲೂ ಸೇರಿತು. ಈಗ ಅಫಜಲಪುರ, ಜೇವರ್ಗಿ ಎರಡೂ ಆ ಕರ್ನಲಿನ ಇತಿಹಾಸದಲ್ಲಿವೆ. ಇಂಗ್ಲಿಷಿನಲ್ಲಿ ಬರೆಯುವಾಗ ಅಫಜಲಪುರದ ಕಾಗುಣಿತ ಹೀಗೋ ಹಾಗೋ ಅಂತ ಬಸ್ ನಿಲ್ದಾಣದ ಬೋರ್ಡು ನೋಡಿಕೊಂಡು ಬಂದಿದ್ದೆ.

ಅಷ್ಟರಲ್ಲಿ ಸಾವ್ಕಾರ್ರಿಗೆ ಅಂಕಿ ಕಂಡಿತ್ತು. ಯಾರಿಗೋ ತೋರಿಸಲು ಪರದೆ ತಿರುಗಿಸಿದಾಗ ಸೊನ್ನೆಯ ಜಾಗದಲ್ಲಿ ಬೇರೆ ಏನೋ ಇತ್ತು. ಬಂದವರು ಹೋಗುವ ತನಕ ಕಾದು ನನ್ನನ್ನು ಕರೆದರು.

"ನಾ ಬ್ಯಾಡ ಅಂದಿದ್ನೋ ಇಲ್ಲೋ?"

"ಅಂದಿದ್ರಿ."

"ಮತ್ತ?"

"ಬೀಳೋದು ಖರೆ ಇತ್ತಲ್ರಿ. ಈಗ ಕಮ್ಮಿ ಆಗ್ಯಾದ. ಕಾಣಿಸಿದ್ದಕ್ಕೇ ಕಮ್ಮಿ ಆತು."

"ಕಮ್ಮಿ ಆಗ್ಯಾದಲ್ಲ, ಇನ್ನ ಆ ಸಾಲು ತಗದ್ಹಾಕು. ಮಂದಿಗಿ ಕಾಣೋದು ಬ್ಯಾಡ."

"ತಗಿಯಂಗಿಲ್ರಿ."

ಅವರ ಮಾತಿಗೆ ಆ ಆಫೀಸಿನಲ್ಲಿ ಯಾರೂ ಹಾಗೆ ಅಂದವರಿರಲಿಲ್ಲ. "ಹಂಗಾರ ಕೆಲ್ಸ ಬಿಡ್ತೀಯೇನು?"

"ನಾ ಬಿಡಂಗಿಲ್ಲ. ನೀವು ತಗೀತೀರಂದ್ರ ನನ್ನ ತಗೀರಿ. ಆ ಸಾಲು ಮಾತ್ರ ನನ್ನ ಕೈಯಿಂದ ಹೋಗಂಗಿಲ್ಲ."

ಧ್ವನಿ ನಡುಗಲಿಲ್ಲ ಅಂದರೆ ಸುಳ್ಳಾದೀತು, ನಡುಗಿತು. ಆದರೆ ಹೇಳಬೇಕಾದದ್ದನ್ನು ಪೂರ್ತಿ ಹೇಳಿದೆ. ಅವರು ಟೇಬಲ್ಲಿನ ಮೇಲಿನ ಪೇಪರ್ ತೆಗೆದು ಓದಲು ಶುರು ಮಾಡಿದರು. ನಾನು ನಿಂತೇ ಇದ್ದೆ. ಕೊನೆಗೆ ಪೇಪರಿನ ಹಿಂದಿನಿಂದಲೇ, "ಹೋಗು, ಕೆಲ್ಸ ಮಾಡು," ಅಂದರು. ಅದಾದ ಮೇಲೆ ಎಷ್ಟೋ ದಿನ ನನ್ನ ಜೊತೆ ಬೇಕಾದಷ್ಟೇ ಮಾತು. ಈಗಲೂ ಮೊದಲಿನ ಹಾಗೆ ಇಲ್ಲ. ಆದರೆ ದೂರು ಹೇಳಲು ಬಂದವರ ಕಡೆ ಪರದೆ ತಿರುಗಿಸುವುದನ್ನು ಬಿಟ್ಟರು. "ಎಲ್ಲಿಂದ ಎಲ್ಲಿಗಿ ಹಚ್ಚಿದ್ರಿ? ಎಷ್ಟೊತ್ತಿಗಿ?" ಅಂತ ಕೇಳುತ್ತಾರೆ. ಕೇಳಿ ನನ್ನ ಕಡೆ ಕಳಿಸುತ್ತಾರೆ.

ಕತೆ ಮುಗಿಯಿತು ಅಂದುಕೊಂಡಿದ್ದೆ. ಒಂದು ಮಳೆಗಾಲ ಕಳೆದ ಮೇಲೆ ಡಬ್ಬಿಯ ಕಂಪನಿ ಹೊಸ ಆವೃತ್ತಿ ಬಿಟ್ಟಿತು. ನನ್ನ ಪ್ಯಾಚು ಅದರಲ್ಲಿ ತಾನಾಗಿಯೇ ಬಂದಿತ್ತು. ಅದರ ಜೊತೆ ಗ್ರಾಹಕರಿಗೆ ಒಂದು ಸೂಚನೆಯನ್ನೂ ಹಾಕಿದ್ದರು: ಅಪ್‌ಡೇಟ್ ಆದ ಮೇಲೆ ಕೆಲವರಿಗೆ ಡ್ರಾಪ್ ಸಾಲಿನಲ್ಲಿ ಅಂಕಿ ಕಾಣಬಹುದು, ಇದು ತೋರಿಕೆಯ ದೋಷ, ಗಮನಿಸಬೇಕಾಗಿಲ್ಲ.

ತೋರಿಕೆಯ ದೋಷ! ಕಂಪನಿಗೆ ಮೇಲ್ ಕಳಿಸಿದೆ, ಉತ್ತರವಿಲ್ಲ. ಮತ್ತೆ ಕಳಿಸಿದೆ, ಇಲ್ಲ. ಆ ಸೂಚನೆಯ ಕೆಳಗೆ ಬಳಕೆದಾರರು ಬರೆಯಲು ಜಾಗವಿತ್ತು. ಅಲ್ಲಿ ಕೂತು ವಿವರವಾಗಿ ಬರೆದೆ. ಈ ಅಂಕಿ ತೋರಿಕೆಯದಲ್ಲ, ಮೊದಲಿದ್ದ ಸೊನ್ನೆಯೇ ತೋರಿಕೆಯದು. ಅಂಕಿ ಏರುತ್ತಿದ್ದರೆ ನಿಮ್ಮ ಪ್ಯಾಕೆಟ್ಟುಗಳು ನಿಜವಾಗಿ ಬೀಳುತ್ತಿವೆ. ನಿಲ್ಲಿಸಲು ಹೀಗೆ ಮಾಡಿ, ಇಂಟರಪ್ಟನ್ನು ಹೀಗೆ ಹಂಚಿ. ಯಾವ ಯಾವ ಊರಿನವರೋ ಕೆಳಗೆ ಬರೆಯತೊಡಗಿದರು. ನಮಗೂ ಹೀಗೇ ಆಗಿತ್ತು, ನಮಗೂ ಧೂಳು ಅಂದಿದ್ದರು, ನಮಗೆ ಮಳೆ ಅಂದಿದ್ದರು.

ಕಳೆದ ವಾರ ಫೋನ್ ಬಂತು. ಅದೇ ನಯವಾದ ದನಿ.

"ಮೇಡಂ, ನೀವು ಹಾಕಿರೋ ಆ ಬರಹ ಇದೆಯಲ್ಲ, ಸ್ವಲ್ಪ ಗೊಂದಲ ಆಗ್ತಾ ಇದೆ. ತೆಗೀಬಹುದಾ?"

"ಅದರಾಗ ತಪ್ಪೇನದ ಹೇಳ್ರಿ. ತಪ್ಪಿದ್ರ ತಿದ್ತೇನಿ."

"ತಪ್ಪು ಅಂತಲ್ಲ ಮೇಡಂ..."

"ತಪ್ಪಿಲ್ಲಂದ್ರ ಇರಲಿ ಬಿಡ್ರಿ. ನಿಮ್ಮ ಸೂಚನೆ ತಗೀರಿ, ಗೊಂದಲ ತಾನೇ ಹೋಗ್ತದ."

ಮೇಲಿನವರ ಹತ್ತಿರ ಕೇಳಿ ಹೇಳುತ್ತೇನೆ ಅಂದ. ಕೇಳ್ರಿ, ನಾ ಇಲ್ಲೇ ಇರ್ತೇನಿ ಅಂದೆ. ಇನ್ನೂ ಹೇಳಿಲ್ಲ. ಸೂಚನೆ ಹಾಗೇ ಇದೆ, ಅದರ ಕೆಳಗೆ ನನ್ನ ಬರಹವೂ ಇದೆ. ನಿನ್ನೆ ಅದಕ್ಕೆ ಇನ್ನೆರಡು ಸಾಲು ಸೇರಿಸಿದೆ: ಕಂಪನಿಯವರು ಇದನ್ನು ತೆಗೆಯಿರಿ ಅಂದರು. ತಪ್ಪೇನು ಅಂತ ಕೇಳಿದೆ, ಇನ್ನೂ ಹೇಳಿಲ್ಲ.